ನೀಲಮ ಭರಮು ಮಗದುಮ, ವಯಸ್ಸು ಹತ್ತೊಂಬತ್ತು

ನೇಮಿನಾಥ ಚೌಗಲಾ ತನ್ನ ಹೆಂಡತಿಯನ್ನು ಗ್ರಾಮ ಪಂಚಾಯತಿ ಚುನಾವಣೆಗೆ ನಿಲ್ಲಿಸುವ ವಿಷಯವನ್ನು ಬೇಡಕಿಹಾಳದಲ್ಲಿ ಸುಮಾರು ನಲವತ್ತು ಜನರ ಜೊತೆ ಚರ್ಚಿಸಿದ. ಆ ನಲವತ್ತರಲ್ಲಿ ಹೆಂಡತಿ ಇರಲಿಲ್ಲ. ಎರಡು ಸಲ ತಾನೇ ಗೆದ್ದಿದ್ದ ವಾರ್ಡು ಈ ಸಲ ಮಹಿಳೆಗೆ ಮೀಸಲಾಗಿತ್ತು. ಮನೆಯಲ್ಲಿರುವ ಮಹಿಳೆಯನ್ನು ನಿಲ್ಲಿಸುವುದು ಅವನಿಗೆ ತನ್ನ ಅಂಗಿಯನ್ನು ಬೇರೆ ಗೂಟಕ್ಕೆ ತೂಗುಹಾಕಿದಷ್ಟೇ ಸಹಜವಾಗಿತ್ತು. ಪೋಸ್ಟರಿನ ನಮೂನೆ ಆಗಲೇ ನಿಪ್ಪಾಣಿಯಿಂದ ಬಂದಿತ್ತು. ಅದರಲ್ಲಿ ನೇಮಿನಾಥ ಕೈಮುಗಿದು ನಗುತ್ತಿದ್ದ. ಹೆಂಡತಿ ಚಂದ್ರಮತಿ ಅವನ ಮೊಣಕೈಯ ಹತ್ತಿರ ಅಂಚೆಚೀಟಿಯಷ್ಟಿದ್ದಳು.

ನಾಮಪತ್ರ ತುಂಬಲು ಸೊಸೆ ಮೇಘಾ ಪಡಸಾಲೆಯಲ್ಲಿ ಕೂತಳು. ಅವಳು ಚಿಕ್ಕೋಡಿಯ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಹೆಸರು, ವಯಸ್ಸು, ವಾರ್ಡು ಎಲ್ಲ ಬರೆದು ಒಂದು ಕಡೆ ಪೆನ್ನು ನಿಲ್ಲಿಸಿದಳು.

"ಮಾವಾರ, ಯಾವುದಾದರೂ ಕ್ರಿಮಿನಲ್ ಕೇಸಿನಾಗ ಶಿಕ್ಷಾ ಆಗಿದ್ರ ಬರೀಬೇಕಂತ ಐತ್ರಿ ಇಲ್ಲಿ."

"ಇಲ್ಲ ಅಂತ ಬರಿ."

"ಬರೀತೀನ್ರಿ. ಒಂದ ಸಲ ನೋಡಿ ಬರೀತೀನಿ. ಎದುರಿನವರು ನೋಡೇ ನೋಡ್ತಾರ."

ನೋಡುವುದರಲ್ಲಿ ಮೇಘಾಳ ಕೈ ಪಳಗಿತ್ತು. ಅವಳು ಮದುವೆಯಾಗಿ ಬಂದ ಮೇಲೆ ಆ ಓಣಿಯ ಹೆಂಗಸರಿಗೆ ಹೊಸದೊಂದು ಚಟ ಹತ್ತಿತ್ತು. ಕೋರ್ಟಿನ ಕೇಸುಗಳನ್ನು ಫೋನಿನಲ್ಲೇ ಯಾರು ಬೇಕಾದರೂ ನೋಡಬಹುದು, ಜಿಲ್ಲೆ ಆರಿಸಿ, ತಾಲೂಕಿನ ಕೋರ್ಟು ಆರಿಸಿ, ಹೆಸರು ಮತ್ತು ವರ್ಷ ಹಾಕಿದರೆ ಸಾಕು ಎಂದು ಅವಳು ಒಮ್ಮೆ ಬಾಯಿತಪ್ಪಿ ಹೇಳಿದ್ದಳು. ಅಂದಿನಿಂದ ಭಾನುವಾರ ಮಧ್ಯಾಹ್ನ ಪಡಸಾಲೆ ತುಂಬುತ್ತಿತ್ತು. ಬೀಗರಾಗಲಿರುವವರು, ಹಳೆಯ ಟ್ರ್ಯಾಕ್ಟರ್ ಮಾರಲು ಬಂದವನು, ಕೈ ನೋಡಿ ಭವಿಷ್ಯ ಹೇಳುವವನು, ಯಾರನ್ನೂ ಬಿಡಲಿಲ್ಲ. ಪಕ್ಕದ ಮನೆಯ ತುಳಸವ್ವ ತನ್ನ ಗಂಡನ ಹೆಸರನ್ನೇ ಹುಡುಕಿಸಿ, ಏನೂ ಸಿಗದೆ, "ಕೇಸ್ ಆಗೂವಷ್ಟೂ ಧೈರ್ಯ ಇಲ್ಲ ನಮ್ಮಾಂವಗ" ಎಂದು ಬೇಜಾರು ಮಾಡಿಕೊಂಡು ಹೋಗಿದ್ದಳು.

ಮೇಘಾ 'ಚಂದ್ರಮತಿ ನೇಮಿನಾಥ ಚೌಗಲಾ' ಎಂದು ಟೈಪು ಮಾಡಿದಳು. ವರ್ಷ ಬದಲಿಸಿ ಬದಲಿಸಿ ನೋಡಿದಳು. ಪರದೆಯ ಮೇಲೆ ಪ್ರತಿ ಸಲವೂ ಒಂದೇ ಉತ್ತರ ಬಂತು: ಯಾವುದೇ ದಾಖಲೆ ಸಿಗಲಿಲ್ಲ. ಅವಳು ನಾಮಪತ್ರದಲ್ಲಿ 'ಇಲ್ಲ' ಎಂದು ಬರೆದಳು.

ನೇಮಿನಾಥ ತೊಡೆ ತಟ್ಟಿ ನಕ್ಕ. "ಈಕೀ ಮ್ಯಾಲೆ ಕೇಸ! ಈಕಿ ಇರಿವಿನೂ ದಾಟಿ ಹೋಗೂವಾಕಿ."

ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಸೋನಾಬಾಯಿ ಎಂಬತ್ತೆರಡರ ಬೊಚ್ಚು ಬಾಯಿ ತೆರೆದು ಸೇರಿಸಿದಳು. "ಹಾಲ ಕೊಡೂ ಎಮ್ಮಿನೂ ಒಮ್ಮೊಮ್ಮೆ ಒದೀತೈತಿ. ನಮ್ಮ ಚಂದ್ರಾ ಅದೂ ಒದ್ಯಾಂಗಿಲ್ಲ."

ಎಲ್ಲರೂ ನಕ್ಕರು. ಚಂದ್ರಮತಿಯೂ ನಕ್ಕಳು. ಆ ಮನೆಯಲ್ಲಿ ತನ್ನ ಬಗ್ಗೆ ನಗುವವರ ಜೊತೆ ತಾನೂ ನಗುವುದನ್ನು ಅವಳು ಯಾವಾಗಲೋ ರೂಢಿ ಮಾಡಿಕೊಂಡಿದ್ದಳು. ಆದರೆ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಬಂದಾಗ ಎದೆಯಲ್ಲಿ ಏನೋ ಚುಚ್ಚಿತು. ಅದು ಹೆದರಿಕೆ ಇರಬೇಕೆಂದು ಮೊದಲು ಅಂದುಕೊಂಡಳು. ನಲ್ಲಿ ತಿರುಗಿಸಿ ಕಪ್ಪು ತೊಳೆಯುತ್ತ ನಿಂತಾಗ ಅದು ಬೇರೆಯೆಂದು ತಿಳಿಯಿತು. ಅವಳಿಗೆ ಅವಮಾನವಾಗಿತ್ತು. ಯಾವುದೇ ದಾಖಲೆ ಸಿಗಲಿಲ್ಲವಂತೆ!

ದಾಖಲೆ ಇತ್ತು. ಇರಲೇಬೇಕಿತ್ತು.

ಮೂವತ್ತೆರಡು ವರ್ಷಗಳ ಹಿಂದೆ ಅವಳು ಅಲಖನೂರಿನ ನೀಲಮ. ಭರಮು ಮಗದುಮನ ಮಗಳು, ರಾಯಬಾಗಕ್ಕೆ ದಿನಾಲೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಇದ್ದ. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಪಾನ್. ಹುಡುಗಿಯರು ಬಸ್ ಹತ್ತುವ ಗದ್ದಲದಲ್ಲಿ ಕೈ ಹಾಕುವುದು ಅವನ ಕೆಲಸ. ನಾಲ್ಕು ತಿಂಗಳು ನೀಲಮ ಪುಸ್ತಕ ಎದೆಗೆ ಒತ್ತಿಕೊಂಡಳು, ಹಿಂದಿನ ಬಾಗಿಲಿಂದ ಹತ್ತಿದಳು, ಒಂದು ಬಸ್ ಬಿಟ್ಟು ಇನ್ನೊಂದಕ್ಕೆ ಕಾದಳು. ಒಂದು ಸೋಮವಾರ ಅದ್ಯಾವುದನ್ನೂ ಮಾಡಲಿಲ್ಲ. ತಿರುಗಿ ನಿಂತು, ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯಿಂದ ಅವನ ಬಾಯಿಗೆ ಬಾರಿಸಿದಳು. ಎರಡು ಹಲ್ಲು ಬಿದ್ದವು. ಮನುಷ್ಯ ದೊಡ್ಡವರ ಪೈಕಿಯವನು, ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟ. ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದರು, "ಹೊಡೆದದ್ದು ಹೌದೇನು?" ಅವಳು "ಹೌದ್ರಿ, ನಾನ ಹೊಡದೀನಿ" ಎಂದಳು. ಎಪ್ಪತ್ತೈದು ರೂಪಾಯಿ ದಂಡ ಬಿತ್ತು.

ಅಪ್ಪ ದಂಡ ಕಟ್ಟಿ ಮಗಳನ್ನು ಊರಿಗೆ ಕರೆತಂದ. ಎರಡು ತಿಂಗಳಲ್ಲಿ ಮದುವೆ ಮಾಡಿದ. ಈ ಕಡೆಯ ಪದ್ಧತಿಯಂತೆ ಗಂಡನ ಮನೆಯವರು ಅಕ್ಕಿ ಹರವಿದ ತಾಟಿನಲ್ಲಿ ಉಂಗುರದಿಂದ ಹೊಸ ಹೆಸರು ಬರೆದರು: ಚಂದ್ರಮತಿ. ಕಳಿಸಿಕೊಡುವಾಗ ಅಪ್ಪ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು. "ಹೆಸರ ಬದಲಾತು, ಚಲೋ ಆತು. ನೀಲಮನ್ನ ಇಲ್ಲೇ ಬಿಟ್ಟ ಹೋಗವಾ."

ಬಿಟ್ಟು ಬಂದಳು. ಮೊದಲ ತಿಂಗಳು ಯಾರಾದರೂ "ಚಂದ್ರಾ" ಎಂದು ಕರೆದರೆ ತನ್ನನ್ನೇ ಎಂದು ಹೊಳೆಯುತ್ತಿರಲಿಲ್ಲ. ಸೋನಾಬಾಯಿ ಹೊಸ ಸೊಸೆಗೆ ಕಿವಿ ಮಂದ ಎಂದು ಗಾಬರಿಯಾಗಿ ನಿಪ್ಪಾಣಿಯ ಡಾಕ್ಟರರ ಹತ್ತಿರ ಕರೆದೊಯ್ದಿದ್ದಳು. ಡಾಕ್ಟರು ಕಿವಿಗೆ ಹಾಕಲು ಎಣ್ಣೆ ಕೊಟ್ಟರು. ಎಣ್ಣೆ ಮುಗಿಯುವ ಹೊತ್ತಿಗೆ ಅವಳು ಚಂದ್ರಮತಿಯಾಗಿದ್ದಳು. ಆಮೇಲೆ ಅವಳು ಯಾರಿಗೂ ಎದುರು ಮಾತಾಡಿದ ನೆನಪಿಲ್ಲ. ಎಷ್ಟೋ ಸಲ ಅವಳಿಗೇ ಅನುಮಾನ ಬರುತ್ತಿತ್ತು. ಆ ಸೋಮವಾರ ನಿಜವಾಗಿ ನಡೆದಿತ್ತೇ, ಅಥವಾ ಕೆಲಸ ಮಾಡುತ್ತ ಮಾಡುತ್ತ ತಾನೇ ಕಟ್ಟಿಕೊಂಡ ಕತೆಯೇ?

ಆ ಸಂಜೆ ಸೊಪ್ಪು ಸೋಸುತ್ತ ಅವಳು ಸೊಸೆಯನ್ನು ಕೇಳಿದಳು. "ಮೇಘಾ, ಹೆಸರ ಬದಲಾದ್ರ ಕೇಸ್ ಯಾರ ಮ್ಯಾಲೆ ಉಳೀತೈತೆವಾ?"

ಮೇಘಾ ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ಮನಷ್ಯಾನ ಮ್ಯಾಲೆ ಉಳೀತೈತ್ರಿ. ಯಾಕ?"

"ಸುಮ್ನ ಕೇಳಿದೆ."

"ಅತ್ತೀ, ನಿಮ್ಮ ತವರಮನಿ ಹೆಸರ ಏನ್ರಿ?"

ಚಂದ್ರಮತಿ ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ಹೇಳಿದಳು, ಡಬ್ಬಿಯಿಂದ ದಂಡದವರೆಗೆ ಎಲ್ಲ. ಮೇಘಾ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಹಾಗೇ ಹಿಡಿದು ಕೂತಿದ್ದಳು.

"ಎರಡ ಹಲ್ಲಾ?" ಎಂದಳು ಕೊನೆಗೆ.

"ಮುಂದಿನವು."

"ಅತ್ತೀ!" ಮೇಘಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಮೂವತ್ತೆರಡು ವರ್ಷಗಳಲ್ಲಿ ಆ ವಿಷಯಕ್ಕೆ ಖುಷಿಪಟ್ಟ ಮೊದಲ ವ್ಯಕ್ತಿ ಅವಳು. ಮರುದಿನ ವಕೀಲರನ್ನು, ಯಾರದೆಂದು ಹೇಳದೆ, ಕೇಳಿಕೊಂಡು ಬಂದಳು. "ದಂಡ ಕಟ್ಟಿದ್ದಕ್ಕ ಚುನಾವಣೆಗೆ ನಿಲ್ಲಾಕ ಅಡ್ಡಿ ಇಲ್ಲಂತ್ರಿ. ಮುಚ್ಚಿಟ್ರ ತಕರಾರ. ಬರಿಯೂದು ಬಿಡೂದು ನಿಮಗ ಬಿಟ್ಟದ್ದು. ನಾಡದು ಕಡೀ ದಿನ."

ಚಂದ್ರಮತಿಗೆ ತಕರಾರಿನ ಚಿಂತೆ ಇರಲಿಲ್ಲ. ಅಲಖನೂರಿನ ಹಳೆಯ ಮಾತು ಬೇಡಕಿಹಾಳದಲ್ಲಿ ಯಾರಿಗೂ ಗೊತ್ತಿಲ್ಲ. 'ಇಲ್ಲ' ಎಂದು ಬರೆದ ಕಾಗದಕ್ಕೆ ಸಹಿ ಮಾಡುವುದರ ಬಗ್ಗೆಯೇ ಅವಳಿಗೆ ಚಿಂತೆ. ಮೊದಲ ಸಲ ನೀಲಮಳನ್ನು ಬಿಟ್ಟುಬರುವಂತೆ ಹೇಳಿದ್ದು ಅಪ್ಪ. ಈ ಸಲ ಸಹಿ ಮಾಡಿದರೆ ತನ್ನ ಕೈಯಾರೆ ಅವಳನ್ನು ಇಲ್ಲವೆಂದು ಹೇಳಿದಂತೆ. ಆದರೆ 'ಇದ್ದಾಳೆ' ಎಂದು ಬರೆಯುವುದಕ್ಕೂ, ಅವಳು ಎಲ್ಲಾದರೂ ಇದ್ದಾಳೆಯೇ ಎಂದು ಮೊದಲು ನೋಡಬೇಕಲ್ಲ?

ಮರುದಿನ ಚಂದ್ರಮತಿಯ ತಮ್ಮನ ಮನೆಗೆ ಹೋಗಿ ಬರುತ್ತೇವೆಂದು ಹೇಳಿ ಅತ್ತೆ ಸೊಸೆ ಬೆಳಗಿನ ಬಸ್ ಹಿಡಿದರು. ಚಿಕ್ಕೋಡಿಯಲ್ಲಿ ಬಸ್ ಬದಲಿಸಿದರು. ಮೇಘಾ ದಾರಿಯುದ್ದಕ್ಕೂ ಫೋನಿನಲ್ಲಿ ಹುಡುಕಿದಳು. ನೀಲಮ ಮಗದುಮ ಅಲ್ಲಿಯೂ ಸಿಗಲಿಲ್ಲ. "ಇಷ್ಟ ಹಳೇವು ಫೋನಿನಾಗ ಹಾಕಿರಂಗಿಲ್ರಿ. ರೆಕಾರ್ಡ್ ರೂಮಿನಾಗ ಕೇಳಬೇಕ."

ರಾಯಬಾಗದ ಕೋರ್ಟಿನ ರೆಕಾರ್ಡ್ ರೂಮಿನ ಗುಮಾಸ್ತ ಮುರಗೆಪ್ಪ ನಿವೃತ್ತಿಗೆ ಹತ್ತಿರವಾದ, ಮಾತಿನ ಹಸಿವಿದ್ದ ಮನುಷ್ಯ. ಮೇಘಾ ಬರೆದುಕೊಟ್ಟ ಅರ್ಜಿ ಓದಿದ.

"ಕೇಸ್ ನಂಬರ್ ಇಲ್ಲ?"

"ವರ್ಷ ಐತ್ರಿ. ಠಾಣೆ ಐತಿ. ಹೆಸರ ಐತಿ."

"ಸಣ್ಣ ಕೇಸಿನ ಫೈಲ್ ಎಂದೋ ನಾಶ ಮಾಡಿರ್ತಾರವಾ, ಅದು ನಿಯಮ. ರಜಿಸ್ಟರ್ ಮಾತ್ರ ಇರತೈತಿ. ಅದರ ನಕಲ ಕೊಡಬಹುದು. ಅರ್ಜಿ ಯಾರ ಹೆಸರಿಲೆ?"

ಚಂದ್ರಮತಿ ತನ್ನ ಆಧಾರ್ ಕಾರ್ಡು ಮುಂದಿಟ್ಟಳು. ಮುರಗೆಪ್ಪ ಕನ್ನಡಕ ಏರಿಸಿದ. "ನೀವು ಚಂದ್ರಮತಿ. ಆರೋಪಿ ನೀಲಮ. ಆರೋಪಿನ ಬಂದಿದ್ರ ಸುಲಭ ಆಗತಿತ್ತು. ಆಕಿ ಇದ್ದಾಳೋ, ತೀರಿಕೊಂಡಾಳೋ?"

"ಅದನ್ನ ನೋಡಾಕ ಬಂದೀನ್ರಿ" ಎಂದಳು ಚಂದ್ರಮತಿ.

ಹಾಗಾದರೆ ಹೊರಗಿನವರ ಅರ್ಜಿ ಕೊಡಬೇಕು, ನಕಲು ಯಾಕೆ ಬೇಕೆಂದು ಪ್ರಮಾಣ ಮಾಡಿ ಬರೆಯಬೇಕು, ಸ್ಟಾಂಪು ಹಚ್ಚಬೇಕು, ತುರ್ತು ಎಂದು ಬರೆದರೆ ಸಂಜೆಯೊಳಗೆ ಸಿಗಬಹುದು. ತಾನೇ ನೀಲಮ ಎಂದು ಸಾಬೀತು ಮಾಡಲು ಮದುವೆಯ ದಾಖಲೆ, ಶಾಲೆಯ ದಾಖಲೆ, ಇನ್ನೂ ಏನೇನೋ ಬೇಕು. ಅದಕ್ಕೆ ಸಮಯವಿಲ್ಲ. ಆದ್ದರಿಂದ ಚಂದ್ರಮತಿ ತನ್ನದೇ ಕೇಸಿಗೆ ಹೊರಗಿನವಳಾಗಿ ಅರ್ಜಿ ಹಾಕಿದಳು. 'ಆರೋಪಿಗೂ ನಿಮಗೂ ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ 'ಹಳೆಯ ಪರಿಚಯ' ಎಂದು ಬರೆದಳು.

ಮುರಗೆಪ್ಪ ಅರ್ಧ ಗಂಟೆ ಒಳಗೆ ಕೆಮ್ಮಿದ ಸದ್ದು ಕೇಳಿಸಿತು. ಆಮೇಲೆ ಉದ್ದನೆಯ ರಜಿಸ್ಟರೊಂದನ್ನು ಎರಡೂ ಕೈಗಳಲ್ಲಿ ಹೊತ್ತು ಬಂದ. ಧೂಳು ಒರೆಸಿ, ಪುಟ ತಿರುವಿ, ಬೆರಳಿಟ್ಟು ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

"ಬಾಯಾರ, ಬೀಗತನ ಮಾಡಾಕತ್ತೀರೇನ್ರಿ?"

"ಅಂದ್ರ?"

"ದಿನಾ ಬರತಾರ ಜನ, ಹುಡುಗನ ನೋಡಾಕ. ನೀವು ಹುಡುಗಿ ಅವ್ವನ ರೆಕಾರ್ಡ್ ತಗಸಾಕ ಬಂದೀರಿ. ಭಾಳ ಶಾಣ್ಯಾ ಇದ್ದೀರಿ." ಅವನು ದನಿ ತಗ್ಗಿಸಿದ. "ನಾ ಹೇಳಿದೆ ಅಂತ ಅನಬ್ಯಾಡ್ರಿ. ಈ ಮನಿ ಹುಡುಗಿ ನಿಮಗ ಬ್ಯಾಡ."

ಮೇಘಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು.

"ಯಾಕ್ರಿ, ಭಾಳ ಜೋರ ಇದ್ದಾಳೇನ್ರಿ?" ಎಂದು ಚಂದ್ರಮತಿ ಕೇಳಿದಳು. ತನ್ನ ದನಿಯಲ್ಲಿ ಇಷ್ಟು ಮುಗ್ಧತೆ ಎಲ್ಲಿಂದ ಬಂತೆಂದು ಅವಳಿಗೇ ಆಶ್ಚರ್ಯ.

"ಜೋರ? ಕೇಳ್ರಿ. ನೀಲಮ ಭರಮು ಮಗದುಮ, ವಯಸ್ಸು ಹತ್ತೊಂಬತ್ತು. ಮುದ್ದೆಮಾಲು, ಅಂದ್ರ ಪೊಲೀಸರು ಜಪ್ತಿ ಮಾಡಿದ್ದು, ನೆಗ್ಗಿದ ಸ್ಟೀಲ್ ಡಬ್ಬಿ ಒಂದು. ಡಬ್ಬಿ ನೆಗ್ಗೈತಿ ಅಂದ್ರ ಎಂಥಾ ಪೆಟ್ಟ ಇರಬೇಕ ನೋಡ್ರಿ! ಮತ್ತ ಇಲ್ಲಿ, ಆರೋಪಿ ತಪ್ಪೊಪ್ಪಿಕೊಂಡಿದ್ದಾಳೆ. ಅದ ನೋಡ್ರಿ ಅಪಾಯ. ನನ್ನ ಮೂವತ್ತಾರು ವರ್ಷದ ಸರ್ವೀಸಿನಾಗ ಹೇಳತೀನಿ, ಹೊಡದು ಇಲ್ಲ ಅನ್ನಾಕಿ ಜೋಡಿ ಬಾಳೇ ಮಾಡಬಹುದು. ಹೊಡದು ಹೌದು ಅನ್ನಾಕಿ ಜೋಡಿ ಆಗೂದಿಲ್ಲ."

"ಒಂದ ಸಲ ನಾ ನೋಡಲೇನ್ರಿ?"

ಅವನು ರಜಿಸ್ಟರ್ ತಿರುಗಿಸಿದ. ನೀಲಿ ಮಸಿ ಕಂದು ಬಣ್ಣಕ್ಕೆ ಇಳಿದಿತ್ತು. ಯಾರೋ ಅವಸರದಲ್ಲಿ ಬರೆದ ಒಂದು ಸಾಲು, ಮೇಲೆ ಜೂಜಿನ ಕೇಸು, ಕೆಳಗೆ ದೀಪವಿಲ್ಲದ ಸೈಕಲ್ಲಿನ ಕೇಸು. ನಡುವೆ ಅವಳು. ಮದುವೆಯಾದಾಗಿನಿಂದ ಯಾವ ಕಾಗದದ ಮೇಲೂ ಕಾಣದ ಹೆಸರು ಇಲ್ಲಿ, ಕುಡುಕರ ಮತ್ತು ಜೂಜುಕೋರರ ಸಹವಾಸದಲ್ಲಿ, ಒಂದಕ್ಷರ ಸವೆಯದೆ ಕೂತಿತ್ತು. ಮನೆಯ ಫೋಟೋಗಳಲ್ಲಿ, ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಎಲ್ಲೆಡೆ ಅವಳು ಯಾರದೋ ಹೆಂಡತಿ, ಯಾರದೋ ತಾಯಿ. ಅವಳು ಏನು ಮಾಡಿದಳೆಂದು ಬರೆದಿದ್ದ ಕಾಗದ ಜಗತ್ತಿನಲ್ಲಿ ಇದೊಂದೇ. ಚಂದ್ರಮತಿ ಆ ಸಾಲನ್ನು ಮುಟ್ಟಬೇಕೆಂದುಕೊಂಡಳು. ಸರ್ಕಾರಿ ವಸ್ತು ಎಂದು ಮುರಗೆಪ್ಪ ಬೈದಾನೆಂದು ಮುಟ್ಟಲಿಲ್ಲ.

"ಏನಂತೀರಿ, ಬ್ಯಾಡ ಅಲ್ರಿ?" ಎಂದ ಅವನು.

"ಇಲ್ರಿ. ನನಗ ಹಿಡಸ್ಯಾಳ. ಮನಿಗೆ ಕರಕೊಂಡ ಹೋಗತೀನಿ."

ಮುರಗೆಪ್ಪ ತಲೆ ಅಲ್ಲಾಡಿಸಿ ನಕಲಿಗೆ ಮೊಹರು ಒತ್ತಿದ. "ಹೇಳೂದ ಹೇಳೀನಿ. ಆಮ್ಯಾಲ ನಿಮ್ಮ ಮಗನ ಹಲ್ಲ ಎಣಸಕೋತ ಕೂಡ್ರಬ್ಯಾಡ್ರಿ."

ಮರುದಿನ ನಾಮಪತ್ರ ಸಲ್ಲಿಸುವ ಕೊನೆಯ ದಿನ. ಬೆಳಿಗ್ಗೆ ಹತ್ತಕ್ಕೆ ನೇಮಿನಾಥ ಬಿಳಿ ಟೊಪ್ಪಿಗೆ ಹಾಕಿ ತಯಾರಾಗಿ ನಿಂತಿದ್ದ. ಅವನ ಹಿಂದೆಮುಂದೆ ಓಡಾಡುವ ಮಲಕಾರಿ ಹಾರದ ಚೀಲ ಹಿಡಿದಿದ್ದ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕಾಗದ ಮೇಜಿನ ಮೇಲಿಟ್ಟಿದ್ದರು. ಚಂದ್ರಮತಿ ಒಳಗಿಂದ ಬಂದು ಅದರ ಪಕ್ಕದಲ್ಲಿ ಮೊಹರಿನ ನಕಲನ್ನಿಟ್ಟಳು.

ನೇಮಿನಾಥ ಓದಿದ. "ಯಾವಾಕಿ ಈಕಿ? ನಮ್ಮ ಮನಿಗೂ ಈಕೀಗೂ ಏನ ಸಂಬಂಧ?"

"ನಾನ ಅದು."

"ನೀ ಹೆಂಗ ಆಗತೀ? ನೀ ಚಂದ್ರಮತಿ."

"ನಿನ್ನ ಲಗ್ನಪತ್ರಿಕಾದಾಗ ಇತ್ತಲ್ಲೋ ಈ ಹೆಸರ" ಎಂದಳು ಸೋನಾಬಾಯಿ ಮೂಲೆಯಿಂದ. "ನೀನ ಮನೀ ಮನೀ ಹಂಚಿ ಬಂದಿದ್ದಿ."

ನೇಮಿನಾಥನಿಗೆ ನೆನಪಿರಲಿಲ್ಲ. ಅವನು ನಕಲನ್ನು ಮತ್ತೆ ಮೊದಲಿನಿಂದ ಓದಿದ, ಈ ಸಲ ತುಟಿ ಅಲ್ಲಾಡಿಸುತ್ತ. ಚಂದ್ರಮತಿ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಅವನು, ತನಗೆ ತಿಳಿಯದೆಯೇ, ನಾಲಿಗೆಯಿಂದ ತನ್ನ ಮುಂದಿನ ಹಲ್ಲುಗಳನ್ನು ಸವರಿ ನೋಡಿಕೊಳ್ಳುತ್ತಿದ್ದ.

"ದಾದಾ, ಹರದ ಒಗೀರಿ ಅದನ್ನ" ಎಂದ ಮಲಕಾರಿ. "ಯಾರಿಗೂ ಗೊತ್ತಾಗೂದಿಲ್ಲ."

"ಹರದ್ರ ಇನ್ನೊಂದ ಕೊಡ್ತಾರ್ರಿ ಕಾಕಾ" ಎಂದಳು ಮೇಘಾ. "ಯಾರ ಕೇಳಿದ್ರೂ ಕೊಡ್ತಾರ."

"ಹಂಗಾರ ಈಕಿ ನಿಲ್ಲೂದ ಬ್ಯಾಡ. ಮೇಘಾ, ನೀ ನಿಲ್ಲ."

"ನನ್ನ ಹೆಸರ ಇನ್ನೂ ನಮ್ಮ ತವರೂರ ಪಾಲಬಾವಿ ಮತದಾರ ಯಾದ್ಯಾಗ ಐತ್ರಿ ಮಾವಾರ."

ನೇಮಿನಾಥನ ಕಣ್ಣು ನಿಧಾನವಾಗಿ ಮೂಲೆಯ ಕಡೆ ಹೋಯಿತು. ಸೋನಾಬಾಯಿ ಕೈಯೆತ್ತಿದಳು. "ನಾ ನಿಂದ್ರತೀನಿ ನೋಡಪಾ. ಆದ್ರ ಪೋಸ್ಟರಿನಾಗ ನಿನ್ನ ಮಾರಿ ಇರಬಾರದು."

ನೇಮಿನಾಥ ನಕಲನ್ನು ಮತ್ತೆ ಮೇಜಿನ ಮೇಲಿಟ್ಟ. ಸೋನಾಬಾಯಿ ಸೊಸೆಯನ್ನು ಹತ್ತಿರ ಕರೆದಳು. "ಯಾವ ಕೈಲೆ ಹೊಡದಿ?"

"ಬಲಗೈಲೆರಿ, ಆಯಿ."

ಮುದುಕಿ ಆ ಕೈ ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಯ್ಯ ಜಿನದೇವ, ಮೂವತ್ತೆರಡ ವರ್ಷ ಈ ಕೈಲೆ ಚಾ ಕುಡದೀನಿ. ಏನೇನ ಅಂದೀನಿ ನಿನಗ! ಕಿವುಡಿ ಅಂದೀನಿ, ಎಮ್ಮಿ ಅಂದೀನಿ. ನನ್ನ ಹಲ್ಲ ವಯಸ್ಸಾಗಿ ಉದುರಿದ್ದು ನನ್ನ ಪುಣ್ಯಾ."

ಚಂದ್ರಮತಿಗೆ ನಗು ತಡೆಯಲಾಗಲಿಲ್ಲ. ಈ ಸಲ ನಕ್ಕಾಗ ಯಾರ ಜೊತೆಯೂ ಸೇರಿ ನಗುತ್ತಿರಲಿಲ್ಲ, ತಾನಾಗಿಯೇ ನಗುತ್ತಿದ್ದಳು. ಅವಳು ಮೇಜಿಗೆ ಬಂದು, ಪೆನ್ನು ತೆಗೆದುಕೊಂಡು, ಮೇಘಾಳ ಚಂದದ ಅಕ್ಷರದ 'ಇಲ್ಲ' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದಳು. ಪಕ್ಕದಲ್ಲಿ ತನ್ನ ಓರೆ ಅಕ್ಷರಗಳಲ್ಲಿ 'ಹೌದು, ಒಂದು' ಎಂದು ಬರೆದು ವಿವರ ತುಂಬಿದಳು.

ಪಂಚಾಯತಿ ಆಫೀಸಿನಲ್ಲಿ ಚುನಾವಣಾ ಅಧಿಕಾರಿ ಕಾಗದ ನೋಡಿ ಕೇಳಿದರು. "ಮತಪತ್ರದಾಗ ಹೆಸರ ಹೆಂಗ ಬರಬೇಕ?"

"ಚಂದ್ರಮತಿ ನೇಮಿನಾಥ—" ಎಂದು ನೇಮಿನಾಥ ಶುರು ಮಾಡಿದ.

"ನಿಮ್ಮನ್ನ ಕೇಳಿಲ್ರಿ. ಅಭ್ಯರ್ಥಿ ಹೇಳಲಿ."

ಚಂದ್ರಮತಿ ಒಂದು ಕ್ಷಣ ಯೋಚಿಸಿದಳು. ಚಂದ್ರಮತಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮೂವತ್ತೆರಡು ವರ್ಷ ಹೇಗೋ ಮನೆ ನಡೆಸಿದವಳು ಅವಳೇ. "ಚಂದ್ರಮತಿ ಉರ್ಫ್ ನೀಲಮ ಚೌಗಲಾ ಅಂತ ಬರಲಿ" ಎಂದಳು. ಅಧಿಕಾರಿ ಅದಕ್ಕೆ ಬೇರೆ ಅರ್ಜಿ ಬೇಕೆಂದರು. ಅಲ್ಲೇ ಕೂತು ಬರೆದುಕೊಟ್ಟಳು.

ಬಾಗಿಲಲ್ಲಿ ಎದುರಿನ ಅಭ್ಯರ್ಥಿ ರುಕ್ಮವ್ವನ ಗಂಡ ನಿಂತಿದ್ದ. "ಏನ ನೇಮುದಾದಾ, ಯಾರೋ ನೀಲಮ ಅಂತಲ್ಲ?"

ನೇಮಿನಾಥ ಟೊಪ್ಪಿಗೆ ಸರಿ ಮಾಡಿಕೊಂಡ. ಎರಡು ಚುನಾವಣೆ ಗೆದ್ದವನಿಗೆ ಗಾಳಿ ಯಾವ ಕಡೆಗೆಂದು ಬೇಗ ತಿಳಿಯುತ್ತದೆ. "ನಮ್ಮ ಮನ್ಯಾಕಿ" ಎಂದ. "ಬಸ್ ಸ್ಟ್ಯಾಂಡಿನಾಗ ಗಂಡಸಿನ ಹಲ್ಲ ಉದುರಿಸ್ಯಾಳ. ಸ್ವಲ್ಪ ಹುಷಾರ್ಲೆ ಮಾತಾಡ." ಅದರಲ್ಲಿ ಹೆಮ್ಮೆ ಎಷ್ಟು, ಹೆದರಿಕೆ ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಆ ದಿನ ಸಂಜೆ ಚಂದ್ರಮತಿ ಹಾಲು ಹಾಕಲು ಡೇರಿಗೆ ಹೋದಳು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿ ಜಾಗ ಬಿಟ್ಟರು. ತುಳಸವ್ವ ಕ್ಯಾನು ಕೆಳಗಿಟ್ಟು ಹತ್ತಿರ ಸರಿದು, ಕಣ್ಣು ಅರಳಿಸಿ ಕೇಳಿದಳು.

"ಚಂದ್ರಕ್ಕಾ, ಖರೇನೇನ, ಆರ ಹಲ್ಲಂತ?"

ಚಂದ್ರಮತಿ ಕ್ಯಾನಿನ ಮುಚ್ಚಳ ತೆಗೆದು ಹಾಲನ್ನು ಅಳತೆಗೆ ಸುರಿದಳು.

"ನಾ ಎಣಸಲಿಲ್ಲವಾ" ಎಂದಳು.